ಹತ್ತು ಸೀಟುಗಳ ಕತೆ

ಅಪ್ಪನದು ಕೇಂದ್ರ ಸರ್ಕಾರದ ನೌಕರಿ. ನಾನು ಒಂದನೇ ತರಗತಿಗೆ ಸೇರುವ ಹೊತ್ತಿಗೆ ನಮ್ಮ ಮನೆಯ ಸಾಮಾನು ಬೀದರ್‌ನಿಂದ ಹಾಸನಕ್ಕೆ, ಅಲ್ಲಿಂದ ಮತ್ತೆ ಉತ್ತರ ಕರ್ನಾಟಕದ ಇನ್ನೊಂದು ಊರಿಗೆ ಲಾರಿ ಏರಿತ್ತು. ಕೇಂದ್ರೀಯ ವಿದ್ಯಾಲಯದ ಅರ್ಜಿಗೆ ಅಪ್ಪ ಆ ಎರಡು ವರ್ಗಾವಣೆ ಆದೇಶಗಳ ಜೆರಾಕ್ಸ್ ಲಗತ್ತಿಸಿದರು. ನನಗೆ ಸೀಟು ಸಿಕ್ಕಿತು. ‘ಊರೂರು ಅಲೆದದ್ದಕ್ಕೆ ಇದೊಂದಾದರೂ ದಕ್ಕಿತು’ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ನಾಲ್ಕನೇ ತರಗತಿಯಲ್ಲಿ ನನ್ನ ಬೆಂಚಿಗೆ ಒಬ್ಬ ಹುಡುಗಿ ಬಂದಳು. ತಂದೆ ಇರಲಿಲ್ಲ. ತಾಯಿ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ಅವರು ನಾಲ್ಕು ಸಲ ಸಂಸದರ ಮನೆಗೆ ಎಡತಾಕಿ ಒಂದು ಪತ್ರ ತಂದಿದ್ದರು. ಮರುವರ್ಷ ಒಬ್ಬ ಹುಡುಗ ಬಂದ. ಅವನ ಅಪ್ಪ ಊರಿಗೆ ದೊಡ್ಡ ಗುತ್ತಿಗೆದಾರ. ಅವನ ಪತ್ರ ಮನೆಗೇ ಬಂದಿತ್ತಂತೆ. ಶಾಲಾ ಪ್ರವೇಶ ನಿಯಮಗಳ ಇತಿಹಾಸವನ್ನು ಓದುತ್ತಿರುವ ನನಗೆ ಈ ಇಬ್ಬರೂ ಮತ್ತೆ ಮತ್ತೆ ನೆನಪಾಗುತ್ತಾರೆ.

ಕೇಂದ್ರೀಯ ವಿದ್ಯಾಲಯಗಳು ಹುಟ್ಟಿದ್ದೇ ವರ್ಗಾವಣೆಯ ಕಷ್ಟದಿಂದ. ಎರಡನೇ ವೇತನ ಆಯೋಗದ ಶಿಫಾರಸಿನ ಮೇರೆಗೆ 1962ರ ನವೆಂಬರ್‌ನಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮೊದಲಿಗೆ ಸೇನೆಯ 20 ರೆಜಿಮೆಂಟಲ್ ಶಾಲೆಗಳನ್ನು ವಹಿಸಿಕೊಳ್ಳಲಾಯಿತು. ಅಪ್ಪನಿಗೋ ಅಮ್ಮನಿಗೋ ಎಲ್ಲಿಗೆ ವರ್ಗವಾದರೂ ಮಗುವಿನ ಪಾಠ ನಡುವೆ ಕಡಿಯಬಾರದು ಎಂಬುದು ಉದ್ದೇಶ. ಪ್ರವೇಶದ ನಿಯಮವೂ ಅದಕ್ಕೆ ತಕ್ಕಂತಿದೆ: ನೌಕರರ ಮಕ್ಕಳಲ್ಲಿ ಯಾರಿಗೆ ಮೊದಲು ಎಂಬುದು ಹಿಂದಿನ ಏಳು ವರ್ಷಗಳ ವರ್ಗಾವಣೆಗಳ ಲೆಕ್ಕದ ಮೇಲೆ ನಿಲ್ಲುತ್ತದೆ. ಇದೂ ಒಂದು ವಿಶೇಷ ಬೇಡಿಕೆಯೇ. ಆದರೆ ಅದಕ್ಕೆ ಕಾಗದದ ಆಧಾರ ಬೇಕು, ಒಬ್ಬರ ಲೆಕ್ಕವನ್ನು ಇನ್ನೊಬ್ಬರದರ ಜೊತೆ ಹೋಲಿಸಬಹುದು.

ಶಾಲೆಗಳಿಗೆ ಹೆಸರು ಬಂದಂತೆ ಬೇಡಿಕೆಯೂ ಏರಿತು. 1975ರಲ್ಲಿ ಸಂಸದರ ಕೋಟಾ ಬಂತು. ಒಬ್ಬ ಸಂಸದರಿಗೆ ವರ್ಷಕ್ಕೆ ಎರಡು ಸೀಟು. 2010ರಲ್ಲಿ ಸಚಿವ ಕಪಿಲ್ ಸಿಬಲ್ ಅದನ್ನು ನಿಲ್ಲಿಸಿದಾಗ ಸಂಸದರು ಸುಮ್ಮನಿರಲಿಲ್ಲ. ಕೋಟಾ ಮರಳಿತು, ಮರಳಿದ ಮೇಲೆ ಬೆಳೆಯಿತು. 2011ರಲ್ಲಿ ಐದು, 2012ರಲ್ಲಿ ಆರು, 2016ರಲ್ಲಿ ಹತ್ತು. ಲೋಕಸಭೆಯ 543, ರಾಜ್ಯಸಭೆಯ 245 ಸದಸ್ಯರಿಗೆ ತಲಾ ಹತ್ತೆಂದರೆ ವರ್ಷಕ್ಕೆ 7,880 ಸೀಟು. ಶಿಕ್ಷಣ ಸಚಿವರಿಗೆ ಬೇರೆಯೇ 450 ಸೀಟುಗಳಿದ್ದವು. 2020-21ರಲ್ಲಿ ಆ ದಾರಿಯಿಂದ ಆದ ಶಿಫಾರಸುಗಳು 12,000 ದಾಟಿದವು. ಮರುವರ್ಷ ಸಚಿವರ ಕೋಟಾ ರದ್ದಾಯಿತು.

ಸಂಸದರ ಪತ್ರದ ಮಗು ತರಗತಿಯ ನಿಗದಿತ 40 ಮಕ್ಕಳ ಸಂಖ್ಯೆಯ ಮೇಲೆ ಸೇರುತ್ತಿತ್ತು. ಅಲ್ಲಿ ಮೀಸಲಾತಿ ಅನ್ವಯಿಸುತ್ತಿರಲಿಲ್ಲ. ಪೋಷಕರು ಆ ಕ್ಷೇತ್ರಕ್ಕೆ ಸೇರಿದವರಾಗಿದ್ದರೆ ಸಾಕು, ಈ ಮಗುವೇ ಏಕೆ ಎಂದು ಸಂಸದರು ಯಾರಿಗೂ ವಿವರಿಸಬೇಕಿರಲಿಲ್ಲ. 2022ರ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ಮನೀಶ್ ತಿವಾರಿ, ಹತ್ತು ಸೀಟು ಏನೇನೂ ಸಾಲದು, ಹೆಚ್ಚಿಸಿ ಇಲ್ಲವೇ ತೆಗೆದುಹಾಕಿ ಎಂದರು. ಮೀಸಲಾತಿಯೂ ಇಲ್ಲ, ಪಾರದರ್ಶಕತೆಯೂ ಇಲ್ಲ ಎಂದು ರಾಜ್ಯಸಭೆಯಲ್ಲಿ ಸುಶೀಲ್ ಕುಮಾರ್ ಮೋದಿ ರದ್ದತಿಯನ್ನೇ ಕೇಳಿದರು. ಏಪ್ರಿಲ್‌ನಲ್ಲಿ ಕೋಟಾ ಹೋಯಿತು.

ಹೋದದ್ದು ಒಳ್ಳೆಯದೇ ಆಯಿತು ಎಂದು ನಾನೂ ನಂಬುತ್ತೇನೆ. ಆದರೆ ಹಾಗೆ ಬರೆಯುವಾಗ ಬೆಂಚಿನ ಗೆಳತಿ ಅಡ್ಡ ಬರುತ್ತಾಳೆ. ಅವಳ ತಾಯಿಯ ಬಳಿ ವರ್ಗಾವಣೆ ಆದೇಶ ಇರಲಿಲ್ಲ, ಇದ್ದದ್ದು ಗಂಡನ ಮರಣ ಪ್ರಮಾಣಪತ್ರ. ಅದನ್ನು ಅಂಟಿಸಲು ಅರ್ಜಿಯಲ್ಲಿ ಜಾಗವಿರಲಿಲ್ಲ. ಸರ್ಕಾರಿ ನೌಕರಿಯಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದರೆ ಮಗುವಿಗೆ ಒಂದು ದಾರಿಯಿತ್ತು, ಹಮಾಲಿ ಮಾಡುತ್ತಿದ್ದ ತಂದೆ ತೀರಿಕೊಂಡರೆ ಇರಲಿಲ್ಲ. ಸಂಸದರ ಪತ್ರ ಆ ಕಂದಕಕ್ಕೆ ಹಾಕಿದ ಹಲಗೆಯಂತಿತ್ತು. ಗುತ್ತಿಗೆದಾರರ ಮಗನೂ ಅದರ ಮೇಲೆಯೇ ದಾಟಿದ. ಪಕ್ಕದ ಓಣಿಯಲ್ಲಿ ಅಂಥದೇ ಇನ್ನೊಬ್ಬ ತಾಯಿ ಇದ್ದರೆ, ಪತ್ರವೊಂದು ಸಿಗುತ್ತದೆ ಎಂಬುದೇ ಆಕೆಗೆ ಗೊತ್ತಾಗದೆ ಹೋಗಿರಬಹುದು.

2022ರ ಪರಿಷ್ಕೃತ ನಿಯಮದಲ್ಲೇ ಇದಕ್ಕೊಂದು ಸುಳಿವಿದೆ. ಕೋಟಾ ತೆಗೆದ ಅದೇ ಹೊತ್ತಿನಲ್ಲಿ ಕೋವಿಡ್‌ನಲ್ಲಿ ಅನಾಥರಾದ ಮಕ್ಕಳಿಗೆ ಪ್ರತಿ ವಿದ್ಯಾಲಯದಲ್ಲಿ ಹತ್ತು ಸೀಟುಗಳನ್ನು, ಒಂದು ತರಗತಿಗೆ ಇಬ್ಬರು ಮೀರದಂತೆ, ಕೊಡಲಾಯಿತು. ಇಲ್ಲಿಯೂ ಹತ್ತೇ, ಇವೂ ನಿಗದಿತ ಸಂಖ್ಯೆಯ ಮೇಲಿನ ಸೀಟುಗಳೇ. ಆದರೆ ಯಾವ ಮಗು ಎಂಬುದು ನಿಯಮದಲ್ಲೇ ಬರೆದಿದೆ, ಪಟ್ಟಿ ಜಿಲ್ಲಾಧಿಕಾರಿಯಿಂದ ಬರುತ್ತದೆ. ವಿನಾಯಿತಿಯೇ ಅನ್ಯಾಯ ಎಂದಿದ್ದರೆ ಇದೂ ಅನ್ಯಾಯವಾಗಬೇಕಿತ್ತು. ನಮಗೆ ಹಾಗೆ ಅನ್ನಿಸುವುದಿಲ್ಲ, ಏಕೆಂದರೆ ಕಾರಣ ಕಣ್ಣೆದುರಿಗಿದೆ.

ಹಾಗಾದರೆ ರೊಟ್ಟಿ ಬಡಿಯುವ ತಾಯಿಯ ಕಾರಣಕ್ಕೂ ಅರ್ಜಿಯಲ್ಲಿ ಒಂದು ಸಾಲು ಇರಲಿ. ಅದನ್ನು ಅಳೆಯುವ ಕ್ರಮ ಎಲ್ಲರಿಗೂ ತಿಳಿದಿರಲಿ, ಸೀಟು ಸಿಗದವರಿಗೂ ಏಕೆಂದು ಲಿಖಿತ ಉತ್ತರ ಸಿಗಲಿ. 1975ರಿಂದ 2022ರವರೆಗೆ ಎಷ್ಟು ಪತ್ರ ಎಂಬುದನ್ನು ಎಣಿಸಲಾಯಿತು, ಏಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಗೆಳತಿಯ ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಗುತ್ತಿಗೆದಾರರು ತಮ್ಮ ಮಗನಿಗಾಗಿ ಏನು ಬರೆಯುತ್ತಿದ್ದರು ಎಂದು ಆಗಾಗ ಯೋಚಿಸುತ್ತೇನೆ.