ಕೊಂಡ ಗಣಕಕ್ಕೆ ಯಜಮಾನ ಯಾರು?

ಮನೆ ಕೊಂಡವನಿಗೆ ಬೀಗದ ಕೈ ಸಿಗಬೇಕಾದದ್ದು ನ್ಯಾಯ. ಆದರೆ 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ‘ವಿಂಡೋಸ್ ಎಕ್ಸ್‌ಪಿ’ ಕೊಂಡವರ ಪಾಡೇ ಬೇರೆ. ಹಣ ತೆತ್ತು ತಂದ ಸಿ.ಡಿ.ಯ 25 ಅಕ್ಷರಗಳ ಕೀಲಿ ಒತ್ತಿದರಷ್ಟೇ ಸಾಲದು, 30 ದಿನಗಳೊಳಗೆ ಮೈಕ್ರೋಸಾಫ್ಟ್ ಕಂಪೆನಿಯ ಒಪ್ಪಿಗೆಯೂ ಬೇಕು. ಇದರ ಹೆಸರು ‘ಆಕ್ಟಿವೇಷನ್’. ಇಂಟರ್‌ನೆಟ್ ಇಲ್ಲದವರು ಫೋನಿನಲ್ಲಿ 50 ಅಂಕಿಗಳನ್ನು ಓದಿ ಹೇಳಿ, ಅತ್ತಲಿಂದ ಬಂದ 42 ಅಂಕಿಗಳನ್ನು ಬರೆದುಕೊಳ್ಳಬೇಕಿತ್ತು. ಗಣಕದ ಹಲವು ಭಾಗಗಳನ್ನು ಬದಲಿಸಿದರೆ ಮತ್ತೆ ಅದೇ ಕಥೆ.

ಉದ್ದೇಶ ನಕಲು ತಡೆಯುವುದು. ಆದದ್ದೇನು? ದೊಡ್ಡ ಸಂಸ್ಥೆಗಳಿಗೆಂದು ಮಾಡಿದ, ಆಕ್ಟಿವೇಷನ್ ಬೇಡದ ಪ್ರತಿಯ ಕೀಲಿಯೊಂದು ಬಿಡುಗಡೆಗೆ ಮುನ್ನವೇ ಸೋರಿಹೋಯಿತು. ನಕಲು ಮಾಡುವವರು ನಿಶ್ಚಿಂತರಾದರು, ತಾಪತ್ರಯ ಉಳಿದದ್ದು ಹಣ ಕೊಟ್ಟವರಿಗೆ! 2007ರ ಆಗಸ್ಟ್‌ನಲ್ಲಿ ಅಸಲಿತನ ಪರೀಕ್ಷಿಸುವ ಸರ್ವರ್‌ಗಳೇ ಎಡವಿ, ಸಾವಿರಾರು ಅಸಲಿ ಪ್ರತಿಗಳನ್ನೂ ನಕಲಿ ಎಂದು ಸಾರಿದವು.

ಈ ಜಗಳ ಹಳೆಯದು. ತಮ್ಮ ‘ಬೇಸಿಕ್’ ತಂತ್ರಾಂಶವನ್ನು ಹವ್ಯಾಸಿಗಳು ಕಾಗದದ ಟೇಪಿನಲ್ಲಿ ನಕಲು ಮಾಡಿ ಹಂಚುವುದನ್ನು ಕಂಡ 20 ವರ್ಷದ ಬಿಲ್ ಗೇಟ್ಸ್, 1976ರಲ್ಲಿ ಬಹಿರಂಗ ಪತ್ರ ಬರೆದರು. ಪುಕ್ಕಟೆಯಾಗಿ ಇಂಥ ಕೆಲಸ ಮಾಡುವವರು ಯಾರು ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ.

ಆದರೂ ಮಾಡುವವರು ಸಿಕ್ಕರು. ಬಳಸುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಇರಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಯೋಜನೆ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ‘ಲಿನಕ್ಸ್’ ಆರಂಭಿಸಿದರು. ಎರಡೂ ಕೂಡಿ, ಯಾರ ಅಪ್ಪಣೆಯೂ ಬೇಡದ ವ್ಯವಸ್ಥೆಯೊಂದು ಸಿದ್ಧವಾಯಿತು.

ಹಾಗೆಂದು ಅತ್ತ ಹೋದವರ ಹಾದಿ ಹೂವಿನದಾಗಿರಲಿಲ್ಲ. ಆರಂಭದಲ್ಲಿ ಎಷ್ಟೋ ಪ್ರಿಂಟರ್, ಮೋಡೆಮ್‌ಗಳು ಲಿನಕ್ಸ್‌ಗೆ ಒಗ್ಗುತ್ತಿರಲಿಲ್ಲ. ಕನ್ನಡಿಗರಿಗೆ ಇನ್ನೊಂದು ತೊಡಕು: ಬಳಕೆಯಲ್ಲಿದ್ದ ‘ನುಡಿ’, ‘ಬರಹ’ ತಂತ್ರಾಂಶಗಳು ವಿಂಡೋಸ್‌ಗೆಂದೇ ರೂಪುಗೊಂಡಿದ್ದವು. ಯೂನಿಕೋಡ್ ಹರಡಿದ ಮೇಲಷ್ಟೇ ಈ ಗೋಡೆ ಸಡಿಲಗೊಂಡಿತು. ಜರ್ಮನಿಯ ಮ್ಯೂನಿಕ್ ನಗರಾಡಳಿತ ಒಂದೇ ಕಂಪೆನಿಯ ಹಂಗು ತೊರೆಯಲು 2003ರಲ್ಲಿ ಲಿನಕ್ಸ್ ಆರಿಸಿಕೊಂಡು, ಸುಮಾರು 15,000 ಗಣಕಗಳನ್ನು ಬದಲಿಸಿತು. 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು.

ಅಂದರೆ ಇದು ಬರೀ ಬೆಲೆಯ ಲೆಕ್ಕವಲ್ಲ. ಒಂದೆಡೆ ಅನುಕೂಲವಿದೆ, ಕೀಲಿ ಪರರ ಕೈಯಲ್ಲಿ. ಇನ್ನೊಂದೆಡೆ ಕೀಲಿ ನಮ್ಮದೇ, ಕಲಿಯುವ ಶ್ರಮವೂ ನಮ್ಮದೇ.