ಯವಕ್ರಿಯ ಕಥೆ: ವ್ಯಾಸಭಾರತದಿಂದ ಕನ್ನಡ ರಂಗಭೂಮಿಗೆ

ಗುರುವಿನ ಹಂಗಿಲ್ಲದೆ ವೇದವನ್ನೆಲ್ಲ ದಕ್ಕಿಸಿಕೊಳ್ಳಲು ಹೊರಟು ಪ್ರಾಣ ಕಳೆದುಕೊಂಡ ಋಷಿಪುತ್ರನ ಕಥೆ. ಮಹಾಭಾರತದ ವನಪರ್ವದಲ್ಲಿ ಲೋಮಶ ಋಷಿ ಇದನ್ನು ಧರ್ಮರಾಯನಿಗೆ ಹೇಳುತ್ತಾನೆ. ಕನ್ನಡದ ಓದುಗರು ಇದನ್ನು ಹೆಚ್ಚಾಗಿ ಬಲ್ಲದ್ದು ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ನಾಟಕದಿಂದ. ನಾಟಕದ ಸಂಗತಿಗಳನ್ನು ವ್ಯಾಸರ ತಲೆಗೆ ಕಟ್ಟುವ ಸಾರಾಂಶಗಳು ಅಲ್ಲಲ್ಲಿ ಕಾಣುವುದರಿಂದ ಇಲ್ಲಿ ಎರಡನ್ನೂ ಬಿಡಿಸಿ ಹೇಳಲಾಗಿದೆ.

ಮೂಲದಲ್ಲಿ ಯವಕ್ರೀತ (ನಾಟಕದ ಯವಕ್ರಿ) ಭರದ್ವಾಜನ ಮಗ. ಅವನು ಉಗ್ರ ತಪಸ್ಸಿಗೆ ಕೂತಾಗ ಇಂದ್ರ ಮುದಿ ಬ್ರಾಹ್ಮಣನಾಗಿ ಬಂದು ಗಂಗೆಗೆ ಹಿಡಿಹಿಡಿ ಮರಳು ಹಾಕತೊಡಗುತ್ತಾನೆ. ಏನಿದೆಂದು ಕೇಳಿದರೆ, ಸೇತುವೆ ಕಟ್ಟುತ್ತಿದ್ದೇನೆ ಎನ್ನುತ್ತಾನೆ. ಯವಕ್ರೀತ ನಗುತ್ತಾನೆ, ಆದರೂ ಹಟ ಬಿಡದೆ ವರ ಪಡೆಯುತ್ತಾನೆ. ವರದ ಸೊಕ್ಕಿನಲ್ಲಿ ರೈಭ್ಯ ಋಷಿಯ ಸೊಸೆಯನ್ನು ಬಲಾತ್ಕರಿಸುತ್ತಾನೆ. ರೈಭ್ಯ ಎರಡು ಜಡೆಗಳನ್ನು ಕಿತ್ತು ಬೆಂಕಿಗೆ ಹಾಕಿದಾಗ ಒಂದರಿಂದ ಸೊಸೆಯನ್ನೇ ಹೋಲುವ ಹೆಣ್ಣು, ಇನ್ನೊಂದರಿಂದ ರಾಕ್ಷಸ ಹುಟ್ಟುತ್ತಾರೆ. ಹೆಣ್ಣು ಅವನ ಕಮಂಡಲು ಲಪಟಾಯಿಸುತ್ತಾಳೆ. ನೀರಿಗಾಗಿ ಓಡಿದರೆ ಕೆರೆ, ಹೊಳೆಗಳೆಲ್ಲ ಬತ್ತಿವೆ. ಕೊನೆಗೆ ತಂದೆಯ ಅಗ್ನಿಶಾಲೆಯ ಬಾಗಿಲಲ್ಲಿ ಕುರುಡ ಕಾವಲುಗಾರ ತಡೆಯುತ್ತಾನೆ, ರಾಕ್ಷಸನ ಶೂಲ ಎದೆಗೆ ನಾಟುತ್ತದೆ.

ಕಾರ್ನಾಡರು ಕೈಯಾಡಿಸಿದ್ದು ಇಂಥ ಕಡೆಗಳಲ್ಲೇ. ವ್ಯಾಸರಲ್ಲಿ ಹೆಸರೇ ಇಲ್ಲದ ಸೊಸೆ ನಾಟಕದಲ್ಲಿ ವಿಶಾಖಾ. ಯವಕ್ರಿಯ ಹಳೆಯ ಪ್ರೇಯಸಿ. ಕಮಂಡಲುವಿನ ನೀರು ಚೆಲ್ಲುವವಳೂ ಅವಳೇ. ಮೂಲದಲ್ಲಿ ರೈಭ್ಯನ ಮಗ ಪರಾವಸು ಜಿಂಕೆಯೆಂದು ತಪ್ಪಾಗಿ ತಿಳಿದು ತಂದೆಯನ್ನು ಕೊಂದರೆ, ನಾಟಕದವನು ತಿಳಿದೇ ಕೊಲ್ಲುತ್ತಾನೆ. ಪರಾವಸುವಿನ ತಮ್ಮ ಅರವಸುವನ್ನು (ಮೂಲದ ಅರ್ವಾವಸು) ಪ್ರೀತಿಸುವ ಬೇಡರ ಹುಡುಗಿ ವ್ಯಾಸರಲ್ಲಿ ಇಲ್ಲವೇ ಇಲ್ಲ.

ದೊಡ್ಡ ವ್ಯತ್ಯಾಸವಿರುವುದು ಮುಕ್ತಾಯದಲ್ಲಿ. ಮೂಲದಲ್ಲಿ ಅರ್ವಾವಸು ಬೇಡಿದ ವರದಿಂದ ಸತ್ತವರೆಲ್ಲ ಎದ್ದು ಬರುತ್ತಾರೆ. ವೇದ ಬಲ್ಲ ನನ್ನನ್ನು ರೈಭ್ಯ ಹೇಗೆ ಕೊಂದನೆಂದು ಯವಕ್ರೀತ ಕೇಳಿದರೆ, ಅವನು ಗುರುಗಳ ಬಳಿ ಕಷ್ಟಪಟ್ಟು ಕಲಿತವನು ಎನ್ನುತ್ತಾರೆ ದೇವತೆಗಳು. ನಾಟಕದ ಅರವಸುವಿಗೂ ಸತ್ತವರನ್ನು ಮರಳಿ ಕೇಳಿಕೊಳ್ಳುವ ಅವಕಾಶವಿದೆ. ಆದರೆ ಅವನು ರೈಭ್ಯ ಹುಟ್ಟಿಸಿದ ಬ್ರಹ್ಮರಾಕ್ಷಸನ ಬಿಡುಗಡೆ ಕೇಳುತ್ತಾನೆ, ಮಳೆ ಬರುತ್ತದೆ.

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ಜೊತೆ ಇದನ್ನು ಹೋಲಿಸುವವರು ಒಂದನ್ನು ಗಮನಿಸಬೇಕು. ಅಲ್ಲಿ ಜ್ಞಾನದಾಹಿಯೂ ಜೀವಿಯನ್ನು ಸೃಷ್ಟಿಸುವವನೂ ಒಬ್ಬನೇ. ಇಲ್ಲಿ ಜ್ಞಾನಕ್ಕೆ ಹಾತೊರೆದವನು ಯವಕ್ರಿ, ರಾಕ್ಷಸನನ್ನು ಹುಟ್ಟಿಸಿದವನು ಕ್ರಮವಾಗಿ ಕಲಿತ ರೈಭ್ಯ. ವ್ಯಾಸರಲ್ಲಿ ಆಕ್ಷೇಪ ಇರುವುದು ಅಡ್ಡದಾರಿಯ ಬಗ್ಗೆ, ಅರಿವಿನ ಬಗ್ಗೆ ಅಲ್ಲ.

ಸಿದ್ಧಿಯ ಹಂಬಲವನ್ನು ಕನ್ನಡ ಕಾರ್ನಾಡರ ನಾಟಕಕ್ಕೂ ಮೊದಲೇ ಪರೀಕ್ಷೆಗೆ ಒಡ್ಡಿತ್ತು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ (15ನೇ ಶತಮಾನ) ವಜ್ರಕಾಯದ ಸಿದ್ಧ ಗೋರಕ್ಷನಿಗೆ ಕತ್ತಿ ನಾಟದು, ಶರಣ ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ.

ಕಾರ್ನಾಡರು ಈ ಕಥೆಯನ್ನು ಮೊದಲು ಓದಿದ್ದು ಕಾಲೇಜಿನ ದಿನಗಳಲ್ಲಿ, ರಾಜಾಜಿಯವರ ಸಂಗ್ರಹ ಭಾರತದಲ್ಲಿ. ನಾಟಕ ಬಂದದ್ದು 1990ರ ದಶಕದ ನಡುವೆ. ಗ್ರಂಥಸೂಚಿಗಳಲ್ಲಿ 1994 ಎಂದೂ 1995 ಎಂದೂ ಸಿಗುತ್ತದೆ. ಅವರದೇ ಇಂಗ್ಲಿಷ್ ರೂಪ ಅಚ್ಚಾದ 1998ನ್ನು ಮೂಲ ನಾಟಕದ ವರ್ಷವೆಂದು ಎಣಿಸುವುದು ಸರಿಯಲ್ಲ. ಅರ್ಜುನ್ ಸಜ್ನಾನಿ 2002ರಲ್ಲಿ ಇದನ್ನು ‘ಅಗ್ನಿವರ್ಷ’ ಎಂಬ ಹಿಂದಿ ಚಿತ್ರವಾಗಿಸಿದರು.