ಮುಕ್ತ ಆಕರ ಖಗೋಳ ತಂತ್ರಾಂಶ: ಹವ್ಯಾಸಿ ತಂತ್ರಜ್ಞರ ಕೊಡುಗೆ ಮತ್ತು ಸಾರ್ವಜನಿಕ ಉಪಯೋಗ

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಆಸಕ್ತ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಆಕಾಶವನ್ನು ಗಣಕಯಂತ್ರದ ಪರದೆಯ ಮೇಲೆ ಯಥಾವತ್ತಾಗಿ ತೋರಿಸುವ ಹಲವು ತಂತ್ರಾಂಶಗಳು ಇಂದು ಉಚಿತವಾಗಿ ಲಭ್ಯವಿವೆ. ಇವುಗಳಲ್ಲಿ ಹೆಚ್ಚಿನವು ಕಂಪನಿಗಳ ಉತ್ಪನ್ನಗಳಲ್ಲ. ಒಬ್ಬಿಬ್ಬರು ತಂತ್ರಜ್ಞರು ತಮ್ಮ ಬಿಡುವಿನ ವೇಳೆಯಲ್ಲಿ ಹವ್ಯಾಸವಾಗಿ ಆರಂಭಿಸಿ, ಅನೇಕ ವರ್ಷಗಳ ಕಾಲ ಬೆಳೆಸಿದ ರಚನೆಗಳಾಗಿವೆ. ಇಂತಹ ತಂತ್ರಾಂಶಕ್ಕೆ ಬೆಲೆ ಇರುವುದಿಲ್ಲವಾದರೂ ವೆಚ್ಚ ಇದ್ದೇ ಇರುತ್ತದೆ. ಆ ವೆಚ್ಚವು ರಚನೆಕಾರರ ಸಮಯದ ರೂಪದಲ್ಲಿದ್ದು, ಯಾವ ಲೆಕ್ಕಪತ್ರದಲ್ಲಿಯೂ ನಮೂದಾಗುವುದಿಲ್ಲ. ಆರಂಭಿಸಿದ ವ್ಯಕ್ತಿ ಕೆಲಸವನ್ನು ನಿಲ್ಲಿಸಿದ ನಂತರವೂ ತಂತ್ರಾಂಶ ಮುಂದುವರಿಯುವುದೇ, ಇಲ್ಲವೇ ಎಂಬುದು ಬಹುಮಟ್ಟಿಗೆ ಅದರ ಪರವಾನಗಿಯನ್ನು ಅವಲಂಬಿಸಿರುತ್ತದೆ. ಈ ಕುರಿತ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

2. ಮುಕ್ತ ಆಕರ ತಂತ್ರಾಂಶ ಎಂದರೇನು?

ತಂತ್ರಜ್ಞರು ಬರೆಯುವ ಆದೇಶಗಳ ಪಠ್ಯಕ್ಕೆ ಮೂಲಸಂಕೇತ ಎಂದು ಹೆಸರು. ಮೂಲಸಂಕೇತವನ್ನು ಯಾರು ಬೇಕಾದರೂ ಓದಲು, ಪರಿಶೀಲಿಸಲು, ತಿದ್ದಲು ಹಾಗೂ ಇತರರಿಗೆ ಹಂಚಲು ಪರವಾನಗಿಯ ಮೂಲಕ ಅನುಮತಿ ನೀಡಲಾದ ತಂತ್ರಾಂಶವನ್ನು ಮುಕ್ತ ಆಕರ ತಂತ್ರಾಂಶ ಅಥವಾ ಓಪನ್ ಸೋರ್ಸ್ ತಂತ್ರಾಂಶ ಎನ್ನಲಾಗುತ್ತದೆ. ಉಚಿತವಾಗಿ ದೊರೆಯುವುದೆಲ್ಲವೂ ಮುಕ್ತ ಆಕರವಲ್ಲ ಎಂಬುದನ್ನು ಗಮನಿಸತಕ್ಕದ್ದು. ಹಣ ಪಡೆಯದೆ ನೀಡಿದ, ಆದರೆ ಮೂಲಸಂಕೇತವನ್ನು ನೀಡದ ತಂತ್ರಾಂಶವು ಈ ವರ್ಗಕ್ಕೆ ಸೇರುವುದಿಲ್ಲ.

3. ಹವ್ಯಾಸವಾಗಿ ಆರಂಭವಾದ ಪ್ರಮುಖ ತಂತ್ರಾಂಶಗಳು

ಅ) ಸ್ಟೆಲೇರಿಯಂ: ಫ್ರಾನ್ಸ್ ದೇಶದ ಫಾಬಿಯನ್ ಶೆರೋ ಅವರು 2000ನೇ ಇಸವಿಯಲ್ಲಿ ಆರಂಭಿಸಿದರು. ಇದರ 1.0 ಆವೃತ್ತಿ ಬಿಡುಗಡೆಯಾದದ್ದು 2022ರ ಅಕ್ಟೋಬರ್ ತಿಂಗಳಿನಲ್ಲಿ. ನಡುವಿನ 22 ವರ್ಷಗಳಲ್ಲಿ ಹಲವು ದೇಶಗಳ ಸ್ವಯಂಸೇವಕರು ಕೆಲಸವನ್ನು ಹಂಚಿಕೊಂಡಿದ್ದಾರೆ.

ಆ) ಕೆಸ್ಟಾರ್ಸ್: ಖಗೋಳವಿಜ್ಞಾನಿ ಜೇಸನ್ ಹ್ಯಾರಿಸ್ ಅವರು 2001ರಲ್ಲಿ ಆರಂಭಿಸಿದರು. ಕೆಡಿಇ ಎಂಬ ಸ್ವಯಂಸೇವಕ ಸಮುದಾಯದ ಭಾಗವಾಗಿ ಬೆಳೆದ ಈ ತಂತ್ರಾಂಶದ ಹೊಣೆಯನ್ನು ನಂತರ ಕುವೈತ್‌ನ ಜಾಸೆಂ ಮುತ್ಲಾಕ್ ಅವರು ವಹಿಸಿಕೊಂಡರು. ದೂರದರ್ಶಕ ಹಾಗೂ ಕ್ಯಾಮೆರಾಗಳನ್ನು ಗಣಕಯಂತ್ರದಿಂದ ನಿಯಂತ್ರಿಸುವ ಸೌಲಭ್ಯ ಇದರಲ್ಲಿದೆ.

ಇ) ಎಕ್ಸ್‌ಇಫೆಮ್: ಅಮೆರಿಕದ ಎಲ್ವುಡ್ ಡೌನಿ ಅವರು ರಚಿಸಿ ದಶಕಗಳ ಕಾಲ ನಿರ್ವಹಿಸಿದರು. ಇದರ ಗಣನಾಭಾಗವನ್ನು ಬಳಸಿಕೊಳ್ಳಲು ಅವರು ನೀಡಿದ ಅನುಮತಿಯಿಂದಾಗಿ, ಬ್ರಾಂಡನ್ ರೋಡ್ಸ್ ಅವರು ಪೈಥಾನ್ ಭಾಷೆಯಲ್ಲಿ ಪೈಇಫೆಮ್ ಎಂಬ ಉಪಕರಣವನ್ನು ರೂಪಿಸಿದರು. 2021ರಲ್ಲಿ ಎಕ್ಸ್‌ಇಫೆಮ್ ಸಂಪೂರ್ಣವಾಗಿ ಮುಕ್ತ ಪರವಾನಗಿಗೆ ಒಳಪಟ್ಟಿತು.

4. ಕರ್ನಾಟಕದ ಕೊಡುಗೆ

ಕೆಸ್ಟಾರ್ಸ್ ತಂತ್ರಾಂಶದ ಬೆಳವಣಿಗೆಯಲ್ಲಿ ಬೆಂಗಳೂರಿನ ಹವ್ಯಾಸಿ ಖಗೋಳ ವೀಕ್ಷಕ ಆಕರ್ಶ್ ಸಿಂಹ ಅವರ ಪಾತ್ರ ಗಣನೀಯವಾದುದು. ಅವರು ವಿದ್ಯಾರ್ಥಿಯಾಗಿದ್ದಾಗ, 2008ರಲ್ಲಿ, ಗೂಗಲ್ ಸಂಸ್ಥೆಯ ಬೇಸಿಗೆ ತಂತ್ರಾಂಶ ಕಾರ್ಯಕ್ರಮದಡಿ ಈ ಕೆಲಸಕ್ಕೆ ಸೇರಿದರು. ಕಾರ್ಯಕ್ರಮದ ಅವಧಿ ಮುಗಿದ ಮೇಲೂ ಸ್ವಯಂಸೇವಕರಾಗಿ ಮುಂದುವರಿದರು.

ಅವರು ಕೈಗೆತ್ತಿಕೊಂಡ ಸಮಸ್ಯೆ ಹೀಗಿತ್ತು: ಅಮೆರಿಕದ ನೌಕಾ ವೀಕ್ಷಣಾಲಯದ ತಾರಾಪಟ್ಟಿಯಿಂದ ಸುಮಾರು 10 ಕೋಟಿ ನಕ್ಷತ್ರಗಳನ್ನು ಪರದೆಯ ಮೇಲೆ ತೋರಿಸಬೇಕಾಗಿತ್ತು. ಈ ಮಾಹಿತಿಯ ಗಾತ್ರ ಒಂದು ಗಿಗಾಬೈಟ್‌ಗೂ ಅಧಿಕವಾಗಿದ್ದು, ಅಂದಿನ ಸಾಮಾನ್ಯ ಗಣಕಯಂತ್ರದ ಸ್ಮೃತಿಯಲ್ಲಿ ಇಷ್ಟನ್ನೂ ಒಮ್ಮೆಲೇ ಇರಿಸುವುದು ಕಷ್ಟವಾಗಿತ್ತು. ಆಕಾಶವನ್ನು ಸಣ್ಣ ಸಣ್ಣ ತ್ರಿಕೋನಗಳನ್ನಾಗಿ ವಿಭಾಗಿಸುವ ವ್ಯವಸ್ಥೆ ತಂತ್ರಾಂಶದಲ್ಲಿ ಮೊದಲೇ ಇತ್ತು. ಅದನ್ನು ಆಧರಿಸಿ, ಬಳಕೆದಾರರು ನೋಡುತ್ತಿರುವ ಭಾಗದ ನಕ್ಷತ್ರಗಳನ್ನು ಮಾತ್ರ ಕಂತುಗಳಲ್ಲಿ ಸ್ಮೃತಿಗೆ ತರುವ, ಬಹಳ ಹೊತ್ತಿನಿಂದ ಬಳಕೆಯಾಗದ ಕಂತುಗಳ ಸ್ಥಳವನ್ನು ಹೊಸದಕ್ಕೆ ನೀಡುವ ವಿಧಾನವನ್ನು ಅಳವಡಿಸಲಾಯಿತು. ಇದರಿಂದ ಸಾಧಾರಣ ಯಂತ್ರದಲ್ಲಿಯೂ 16ನೇ ಕಾಂತಿಮಾನದವರೆಗಿನ ಮಂದ ನಕ್ಷತ್ರಗಳನ್ನು ನೋಡಲು ಸಾಧ್ಯವಾಯಿತು. ಬರಿಗಣ್ಣಿಗೆ ಕಾಣುವುದು ಸುಮಾರು 6ನೇ ಕಾಂತಿಮಾನದವರೆಗೆ ಮಾತ್ರ. ಒಂದು ಪ್ರಕಾಶಮಾನ ನಕ್ಷತ್ರದಿಂದ ಹೊರಟು, ಹಂತ ಹಂತವಾಗಿ ಮಂದವಾದ ಕಾಯವನ್ನು ದೂರದರ್ಶಕದಲ್ಲಿ ತಲುಪುವ ದಾರಿಯನ್ನು ಸೂಚಿಸುವ ಸೌಲಭ್ಯವನ್ನೂ ಅವರು ರಚಿಸಿದ್ದಾರೆ. ಸ್ವತಃ ಆಕಾಶ ವೀಕ್ಷಿಸುವವರಿಗೆ ಬೇಕಾದುದೇನೆಂದು ವೀಕ್ಷಕರಿಗೇ ಚೆನ್ನಾಗಿ ತಿಳಿದಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ವೃತ್ತಿಪರ ಸಂಶೋಧನೆಯಲ್ಲಿಯೂ ಈ ಪದ್ಧತಿ ನೆಲೆಗೊಂಡಿದೆ. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದ ದತ್ತಾಂಶವನ್ನು ವಿಶ್ಲೇಷಿಸುವ ಕರ್ವಿಟ್ ಎಂಬ ಮುಕ್ತ ಆಕರ ತಂತ್ರಾಂಶವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ್ದಾರೆ.

5. ಇಂತಹ ತಂತ್ರಾಂಶ ಕೆಲಸ ಮಾಡುವ ಬಗೆ

ಖಗೋಳ ತಂತ್ರಾಂಶಕ್ಕೆ ಮುಖ್ಯವಾಗಿ ಮೂರು ಆಧಾರಗಳು ಬೇಕಾಗುತ್ತವೆ.

• ತಾರಾಪಟ್ಟಿ: ಯುರೋಪಿನ ಹಿಪಾರ್ಕಸ್ ಉಪಗ್ರಹವು ಅಳೆದ 1 ಲಕ್ಷ 18 ಸಾವಿರಕ್ಕೂ ಅಧಿಕ ನಕ್ಷತ್ರಗಳ ಪಟ್ಟಿ 1997ರಲ್ಲಿ ಪ್ರಕಟವಾಯಿತು. 2000ನೇ ಇಸವಿಯ ಟೈಕೋ-2 ಪಟ್ಟಿಯಲ್ಲಿ ಸುಮಾರು 25 ಲಕ್ಷ ನಕ್ಷತ್ರಗಳಿವೆ.
• ಗ್ರಹಗಣಿತ: ಪ್ಯಾರಿಸ್ಸಿನ ಬ್ರೆಟಗ್ನೋ ಮತ್ತು ಫ್ರಾಂಕೂ ಅವರು ರೂಪಿಸಿದ ವಿಎಸ್‌ಒಪಿ87 ಎಂಬ ಸೂತ್ರಾವಳಿಯಿಂದ ಗ್ರಹಗಳ ಸ್ಥಾನವನ್ನು ಕಂಡುಹಿಡಿಯಲಾಗುತ್ತದೆ.
• ವೀಕ್ಷಕರ ಸ್ಥಳ ಮತ್ತು ಕಾಲ: ಅಕ್ಷಾಂಶ, ರೇಖಾಂಶ, ದಿನಾಂಕ ಹಾಗೂ ವೇಳೆಯನ್ನು ಬಳಕೆದಾರರು ನಮೂದಿಸಬೇಕು.

ಮೊದಲ ಎರಡು ಆಧಾರಗಳೂ ಸಾರ್ವಜನಿಕವಾಗಿ ಪ್ರಕಟವಾಗಿರುವುದರಿಂದಲೇ ಮನೆಯಲ್ಲಿ ಕುಳಿತ ಒಬ್ಬ ತಂತ್ರಜ್ಞರಿಗೆ ಇಂತಹ ಕೆಲಸವನ್ನು ಆರಂಭಿಸಲು ಸಾಧ್ಯವಾಗುತ್ತದೆ.

6. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಉಪಯೋಗ

ಮೂರೂ ಪಟ್ಟಣಗಳು ಸುಮಾರು 15.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ರೇಖಾಂಶವು ನರಗುಂದಕ್ಕೆ ಸುಮಾರು 75.4, ರೋಣಕ್ಕೆ 75.7 ಹಾಗೂ ಗಜೇಂದ್ರಗಡಕ್ಕೆ 76.0 ಡಿಗ್ರಿ ಪೂರ್ವ ಆಗಿರುತ್ತದೆ. ಈ ಅಂಕಿಗಳನ್ನು ನಮೂದಿಸಿ ಕೆಳಕಂಡ ವಿಷಯಗಳನ್ನು ಪರಿಶೀಲಿಸಬಹುದು.

ಅ) ಸ್ಥಳೀಯ ಮಧ್ಯಾಹ್ನ: ಭಾರತದ ಗಡಿಯಾರವು 82.5 ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ. ಪ್ರತಿ ಡಿಗ್ರಿಗೆ 4 ನಿಮಿಷಗಳಂತೆ, ವರ್ಷದ ಸರಾಸರಿಯಲ್ಲಿ ಸೂರ್ಯನು ನೆತ್ತಿಯ ರೇಖೆಯನ್ನು ದಾಟುವುದು ನರಗುಂದದಲ್ಲಿ ಸುಮಾರು 12 ಗಂಟೆ 28 ನಿಮಿಷಕ್ಕೆ, ರೋಣದಲ್ಲಿ 12 ಗಂಟೆ 27 ನಿಮಿಷಕ್ಕೆ, ಗಜೇಂದ್ರಗಡದಲ್ಲಿ 12 ಗಂಟೆ 26 ನಿಮಿಷಕ್ಕೆ.

ಆ) ಶೂನ್ಯ ನೆರಳಿನ ದಿನ: ಮೇ 3 ಮತ್ತು ಆಗಸ್ಟ್ 9ರ ಆಸುಪಾಸಿನಲ್ಲಿ ಸೂರ್ಯನು ಈ ಪಟ್ಟಣಗಳ ನೆತ್ತಿಯ ಮೇಲೆ ಬರುವುದರಿಂದ, ಸ್ಥಳೀಯ ಮಧ್ಯಾಹ್ನದಲ್ಲಿ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳು ಇರುವುದಿಲ್ಲ. ತಂತ್ರಾಂಶದ ಉತ್ತರವನ್ನು ಶಾಲೆಯ ಅಂಗಳದಲ್ಲಿಯೇ ಪರೀಕ್ಷಿಸಬಹುದಾಗಿದೆ.

ಇ) ಮಳೆ ನಕ್ಷತ್ರಗಳು: ರೈತರು ಹೇಳುವ ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎಂಬ ಹೆಸರುಗಳು ಆಯಾ ಕಾಲದಲ್ಲಿ ಸೂರ್ಯನು ಇರುವ ನಕ್ಷತ್ರಭಾಗವನ್ನು ಸೂಚಿಸುತ್ತವೆ. ಸೂರ್ಯನು 27 ನಕ್ಷತ್ರಗಳಲ್ಲಿ ಪ್ರತಿಯೊಂದನ್ನೂ 13ರಿಂದ 14 ದಿನಗಳಲ್ಲಿ ದಾಟುತ್ತಾನೆ. ಹಗಲಿನಲ್ಲಿ ನಕ್ಷತ್ರಗಳು ಕಾಣದಿರುವುದರಿಂದ ಇದನ್ನು ಕಣ್ಣಾರೆ ನೋಡಲಾಗದು. ಆದರೆ ಸ್ಟೆಲೇರಿಯಂನಲ್ಲಿ ವಾತಾವರಣವನ್ನು ತೆಗೆದುಹಾಕುವ ಸೌಲಭ್ಯವಿದ್ದು, ಮೇ ತಿಂಗಳ ಕೊನೆಯ ದಿನಗಳನ್ನು ನಮೂದಿಸಿದಲ್ಲಿ ಸೂರ್ಯನು ರೋಹಿಣಿ ನಕ್ಷತ್ರದ ಸಮೀಪದಲ್ಲಿರುವುದನ್ನು ಕಾಣಬಹುದು.

ಈ) ದಕ್ಷಿಣದ ಆಕಾಶ: ಅಗಸ್ತ್ಯ ನಕ್ಷತ್ರವು ಫೆಬ್ರವರಿ ಮಧ್ಯಭಾಗದಲ್ಲಿ ರಾತ್ರಿ 9 ಗಂಟೆಯ ಸುಮಾರಿಗೆ ದಕ್ಷಿಣ ದಿಕ್ಕಿನಲ್ಲಿ 21 ಡಿಗ್ರಿಗಿಂತ ತುಸು ಎತ್ತರದಲ್ಲಿರುತ್ತದೆ. ಧ್ರುವ ನಕ್ಷತ್ರದ ಎತ್ತರವು ಊರಿನ ಅಕ್ಷಾಂಶಕ್ಕೆ ಸರಿಸುಮಾರು ಸಮನಾಗಿರುತ್ತದೆ.

ಉ) ಗ್ರಹಣಗಳು: 1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಮಾರ್ಗವಾಗಿ ಉತ್ತರ ಕರ್ನಾಟಕವನ್ನು ಹಾದುಹೋಯಿತು. ಆ ದಿನ ತಮ್ಮ ಊರಿನಲ್ಲಿ ಎಷ್ಟು ಹೊತ್ತಿಗೆ ಕತ್ತಲಾಯಿತೆಂದು ಹಿರಿಯರು ಹೇಳುವುದನ್ನು ತಂತ್ರಾಂಶದೊಂದಿಗೆ ಹೋಲಿಸಿ ನೋಡಬಹುದು. 2031ರ ಮೇ 21ರ ಕಂಕಣ ಸೂರ್ಯಗ್ರಹಣದ ಮಾರ್ಗವು ಕೇರಳ ಮತ್ತು ತಮಿಳುನಾಡುಗಳ ಮೇಲೆ ಹಾದುಹೋಗಲಿದ್ದು, ಈ ಭಾಗದಲ್ಲಿ ಪಾರ್ಶ್ವ ಗ್ರಹಣವಾಗಿ ಕಾಣುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಅನೇಕ ಶಾಸನಗಳಲ್ಲಿ ದಾನ ನೀಡಿದ ಸಂದರ್ಭವಾಗಿ ಗ್ರಹಣ ಅಥವಾ ಸಂಕ್ರಮಣದ ಉಲ್ಲೇಖವಿದ್ದು, ಅಂತಹ ತಿಥಿಗಳ ಪರಿಶೀಲನೆಗೂ ಈ ತಂತ್ರಾಂಶಗಳು ನೆರವಾಗುತ್ತವೆ.

7. ಪರವಾನಗಿಯ ಮಹತ್ವ

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕಯಂತ್ರದ ಕ್ರಮವಿಧಿಯು ಸಾಹಿತ್ಯ ಕೃತಿಯ ವ್ಯಾಖ್ಯೆಗೆ ಒಳಪಡುತ್ತದೆ. ಕೃತಿಸ್ವಾಮ್ಯವು ರಚನೆಯೊಂದಿಗೇ ಉಂಟಾಗುತ್ತದೆ, ನೋಂದಣಿ ಕಡ್ಡಾಯವಲ್ಲ. ಇದರ ಅವಧಿ ರಚನೆಕಾರರ ಜೀವಿತಾವಧಿ ಹಾಗೂ ಆ ನಂತರದ 60 ವರ್ಷಗಳು.

ಆದ್ದರಿಂದ ಪರವಾನಗಿಯ ವಿವರವಿಲ್ಲದೆ ಪ್ರಕಟಿಸಿದ ಮೂಲಸಂಕೇತವನ್ನು, ರಚನೆಕಾರರು ಎಷ್ಟೇ ಉದಾರಿಗಳಾಗಿದ್ದರೂ, ಇತರರು ತಿದ್ದಿ ಹಂಚಲು ಕಾನೂನಿನ ಆಧಾರವಿರುವುದಿಲ್ಲ. ರಚನೆಕಾರರು ಅನಾರೋಗ್ಯ, ಉದ್ಯೋಗ ಬದಲಾವಣೆ ಅಥವಾ ಮರಣದ ಕಾರಣದಿಂದ ಕೆಲಸ ನಿಲ್ಲಿಸಿದಲ್ಲಿ ಅವರ ಹತ್ತಾರು ವರ್ಷಗಳ ಶ್ರಮವೂ ಅಲ್ಲಿಗೇ ನಿಲ್ಲುತ್ತದೆ. ಕೆಸ್ಟಾರ್ಸ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗಿದುದಕ್ಕೂ, ಎಕ್ಸ್‌ಇಫೆಮ್ 2021ರ ನಂತರ ಹೊಸ ನಿರ್ವಾಹಕರನ್ನು ಪಡೆದುದಕ್ಕೂ ಪರವಾನಗಿ ಪತ್ರವೇ ದಾರಿ ಮಾಡಿಕೊಟ್ಟಿತು.

8. ಹೊಸದಾಗಿ ತಂತ್ರಾಂಶ ರಚಿಸುವವರು ಗಮನಿಸಬೇಕಾದ ಅಂಶಗಳು

• ಮೊದಲ ದಿನವೇ ಪರವಾನಗಿಯನ್ನು ಆರಿಸಿ ಮೂಲಸಂಕೇತದೊಂದಿಗೆ ಲಗತ್ತಿಸುವುದು. ಜಿಪಿಎಲ್ ಪರವಾನಗಿಯಡಿ, ತಿದ್ದುಪಡಿ ಮಾಡಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಮುಕ್ತವಾಗಿ ನೀಡಬೇಕು. ಎಂಐಟಿ ಪರವಾನಗಿಯಲ್ಲಿ ಅಂತಹ ಷರತ್ತು ಇರುವುದಿಲ್ಲ.
• ನೌಕರಿಯಲ್ಲಿರುವವರು ತಮ್ಮ ನೇಮಕಾತಿ ಕರಾರನ್ನು ಓದಿ ನೋಡುವುದು. ವ್ಯತಿರಿಕ್ತ ಒಪ್ಪಂದವಿಲ್ಲದಿದ್ದಲ್ಲಿ, ಉದ್ಯೋಗದ ಕರ್ತವ್ಯದ ಭಾಗವಾಗಿ ರಚಿಸಿದ ಕೃತಿಗೆ ಉದ್ಯೋಗದಾತರೇ ಪ್ರಥಮ ಸ್ವಾಮ್ಯದಾರರಾಗಿರುತ್ತಾರೆ.
• ಪೂರ್ಣ ತಾರಾಲಯವನ್ನೇ ಕಟ್ಟಲು ಹೊರಡದೆ ಒಂದು ಸಣ್ಣ ಅಗತ್ಯದಿಂದ ಆರಂಭಿಸುವುದು. ಉದಾಹರಣೆಗೆ, ಒಂದು ಊರಿನ ಸೂರ್ಯೋದಯ, ಸೂರ್ಯಾಸ್ತಗಳ ಪಟ್ಟಿ. ಬೆಲ್ಜಿಯಂ ದೇಶದ ಜೀನ್ ಮೀಯಸ್ ಅವರ ಖಗೋಳ ಗಣನೆಯ ಗ್ರಂಥವು ಇದಕ್ಕೆ ಹೆಸರಾಂತ ಕೈಪಿಡಿಯಾಗಿದೆ.
• ಪ್ರತಿ ಬದಲಾವಣೆಯ ಕಾರಣವನ್ನು ಬರೆದಿಡುವುದು. ಮುಂದೆ ಬರುವವರಿಗೆ ಇದೇ ಅಧಿಕಾರ ಹಸ್ತಾಂತರದ ಟಿಪ್ಪಣಿ.
• ಕನಿಷ್ಠ ಇನ್ನೊಬ್ಬರಿಗೆ ನಿರ್ವಹಣೆಯ ಅಧಿಕಾರ ಹಾಗೂ ಪ್ರವೇಶಾವಕಾಶ ನೀಡಿರುವುದು.

9. ತಂತ್ರಾಂಶ ಬರೆಯಲು ತಿಳಿಯದವರು ನೀಡಬಹುದಾದ ನೆರವು

ಸೂರ್ಯೋದಯದ ವೇಳೆ ತಪ್ಪಾಗಿ ತೋರಿದಲ್ಲಿ ಸ್ಥಳ, ದಿನಾಂಕ ಮತ್ತು ಆವೃತ್ತಿ ಸಂಖ್ಯೆಯೊಂದಿಗೆ ನಿರ್ವಾಹಕರಿಗೆ ತಿಳಿಸಬಹುದು. ಕನ್ನಡ ಬಲ್ಲವರು ಅನುವಾದದಲ್ಲಿ ಕೈಜೋಡಿಸಬಹುದು. ತಂತ್ರಾಂಶದ ಆಜ್ಞೆಗಳೂ ನಕ್ಷತ್ರಗಳ ಹೆಸರುಗಳೂ ಕನ್ನಡದಲ್ಲಿ ದೊರೆತಲ್ಲಿ ಮಾತ್ರ ಹಳ್ಳಿಯ ಶಾಲೆಯ ಮಗುವಿಗೆ ಅದು ನಿಜವಾಗಿ ಮುಕ್ತವಾಗುತ್ತದೆ. ಮಳೆ ನಕ್ಷತ್ರಗಳ ಹೆಸರು ಬಲ್ಲ ರೈತರ ತಿಳಿವಳಿಕೆಯೂ ಈ ಕೆಲಸಕ್ಕೆ ಉಪಯುಕ್ತ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ತಂತ್ರಾಂಶ ಪಡೆಯಲು ಅರ್ಜಿ ಸಲ್ಲಿಸಬೇಕೇ?
ಉತ್ತರ: ಇಲ್ಲ. ಯಾವುದೇ ಕಚೇರಿಗೆ ಅರ್ಜಿ, ಶುಲ್ಕ ಅಥವಾ ಪ್ರಮಾಣಪತ್ರ ಸಲ್ಲಿಸುವ ಅಗತ್ಯವಿರುವುದಿಲ್ಲ. ಆಯಾ ಯೋಜನೆಯ ಅಧಿಕೃತ ತಾಣದಿಂದ ನೇರವಾಗಿ ಪಡೆಯಬಹುದು. ಇದಕ್ಕಾಗಿ ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ ವಹಿಸತಕ್ಕದ್ದು.

ಪ್ರಶ್ನೆ: ದೂರದರ್ಶಕ ಅಗತ್ಯವೇ?
ಉತ್ತರ: ಅಗತ್ಯವಿಲ್ಲ. ಗಣಕಯಂತ್ರವಿದ್ದರೆ ಸಾಕು. ಸ್ಟೆಲೇರಿಯಂ ಮತ್ತು ಕೆಸ್ಟಾರ್ಸ್ ಎರಡೂ ವಿಂಡೋಸ್, ಲಿನಕ್ಸ್ ಹಾಗೂ ಮ್ಯಾಕ್ ವ್ಯವಸ್ಥೆಗಳಲ್ಲಿ ಕೆಲಸ ಮಾಡುತ್ತವೆ.

ಪ್ರಶ್ನೆ: ಮೊಬೈಲ್ ಫೋನಿನಲ್ಲಿ ಸ್ಟೆಲೇರಿಯಂಗೆ ಹಣ ಕೇಳಲಾಗುತ್ತಿದೆಯಲ್ಲ?
ಉತ್ತರ: ಮೊಬೈಲ್ ಆವೃತ್ತಿಯಲ್ಲಿ ಹಣ ಪಾವತಿಸಿ ಪಡೆಯುವ ವಿಭಾಗವೂ ಇದೆ. ಗಣಕಯಂತ್ರದ ಆವೃತ್ತಿಗೆ ಶುಲ್ಕವಿರುವುದಿಲ್ಲ.

ಪ್ರಶ್ನೆ: ಶಾಲೆಯ ಎಲ್ಲ ಯಂತ್ರಗಳಿಗೂ ಒಂದೇ ಪ್ರತಿಯನ್ನು ಹಾಕಬಹುದೇ?
ಉತ್ತರ: ಹಾಕಬಹುದು. ಅಗತ್ಯವಿದ್ದಲ್ಲಿ ನೆರೆಯ ಶಾಲೆಗೂ ಪ್ರತಿ ಮಾಡಿ ನೀಡಬಹುದು. ಪರವಾನಗಿಯು ಇದಕ್ಕೆ ಸ್ಪಷ್ಟ ಅನುಮತಿ ನೀಡಿರುತ್ತದೆ.